ಪಡಸಾಲೆಯಲ್ಲಿ ಆಫ್ರಿಕಾ: ಸಾಕ್ಷ್ಯಚಿತ್ರ ತೋರಿಸುವುದು ಹೇಗೆ

ಬೆಟಗೇರಿಯ ನಮ್ಮ ಮನೆಯ ಪಡಸಾಲೆಯಲ್ಲಿ ತಿಂಗಳಿಗೊಮ್ಮೆ ಸಾಕ್ಷ್ಯಚಿತ್ರ ತೋರಿಸುತ್ತೇನೆ. 30 ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿದವಳು ನಾನು. ಓಣಿಯ ನೇಕಾರರು, ಎಪಿಎಂಸಿಯಲ್ಲಿ ದುಡಿಯುವವರು, ಕಾಲೇಜು ಹುಡುಗಿಯರು ನೋಡಲು ಬರುತ್ತಾರೆ. ಸ್ವಾತಂತ್ರ್ಯ ಕೊಟ್ಟ ಮೇಲೂ ಫ್ರಾನ್ಸ್ ಆಫ್ರಿಕಾದ ತನ್ನ ಹಳೆಯ ವಸಾಹತುಗಳ ಮೇಲೆ ಹೇಗೆ ಹಿಡಿತ ಇಟ್ಟುಕೊಂಡಿತು ಅನ್ನುವ ಚಿತ್ರವನ್ನು ಎರಡು ಸಲ ತೋರಿಸಿದ್ದೇನೆ. ಮೊದಲ ಸಲ ಒಂದೂವರೆ ತಾಸು ತಡೆಯಿಲ್ಲದೆ ಓಡಿಸಿದೆ. ಮಾತು ಫ್ರೆಂಚ್, ಕೆಳಗೆ ಇಂಗ್ಲಿಷ್ ಸಾಲು. ಅರ್ಧ ಜನ ಸುಮ್ನೆ ಎದ್ದು ಹೋದರು. ಅವರಿಗೆ ವಿಷಯ ಬೇಡವಾಗಿತ್ತು ಅಂತಲ್ಲ. ನಾನೇ ಅದನ್ನು ಅವರ ಹತ್ತಿರ ತಂದಿರಲಿಲ್ಲ. ಎರಡನೇ ಸಲ ಹೀಗೆ ಮಾಡಿದೆ, ಯಾರೂ ಏಳಲಿಲ್ಲ.

ಚಿತ್ರ ಮಾಡಿದವರ ಒಪ್ಪಿಗೆ ಮೊದಲೇ ಕೇಳಿ. ಆಮೇಲೆ ಒಬ್ಬರೇ ಕೂತು ಎರಡು ಸಲ ನೋಡಿ. ಎಲ್ಲಿ ನಿಲ್ಲಿಸಬೇಕು ಅಂತ ನಿಮಿಷ ಸಮೇತ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ. ನಾಲ್ಕು ಕಡೆ ಸಾಕು. ಪ್ರತಿ ಸಾಲನ್ನೂ ಕನ್ನಡಕ್ಕೆ ತರಲು ಹೋಗಬೇಡಿ, ಚಿತ್ರ ನೋಡುವುದೇ ತಪ್ಪುತ್ತದೆ. ನಿಲ್ಲಿಸಿದಾಗ ಎರಡು ನಿಮಿಷ ಹೇಳಿ, ಮುಂದೆ ಓಡಿಸಿ.

ಗೋಡೆಗೆ ಆಫ್ರಿಕಾದ ನಕ್ಷೆ ಬೇಕೇ ಬೇಕು. ಸಿಎಫ್‌ಎ ಫ್ರಾಂಕ್ ಎನ್ನುವ ಹಣ ಬಳಸುವ 14 ದೇಶಗಳ ಮೇಲೆ ನಾನು ಟಿಕಳಿ ಅಂಟಿಸಿದೆ. ಪಶ್ಚಿಮದ 8 ದೇಶಕ್ಕೆ ಹಸಿರು, ಮಧ್ಯದ 6 ದೇಶಕ್ಕೆ ಕೆಂಪು. ಅಂಟಿಸುವಾಗಲೇ ಒಂದು ವಿಷಯ ಗಮನಕ್ಕೆ ಬಂತು. ಇವುಗಳಲ್ಲಿ ಗಿನಿ ಬಿಸಾವ್ ಪೋರ್ಚುಗೀಸರದಾಗಿತ್ತು, ಇಕ್ವಟೋರಿಯಲ್ ಗಿನಿ ಸ್ಪೇನಿನದು. ಅವು ಫ್ರೆಂಚರ ವಸಾಹತುಗಳಲ್ಲ, ಆಮೇಲೆ ಸೇರಿಕೊಂಡವು. ಇಂಥದ್ದನ್ನು ಮೊದಲೇ ತಿಳಿದುಕೊಂಡಿರಿ.

ಎಲ್ಲಕ್ಕಿಂತ ಜಾಸ್ತಿ ಹೊತ್ತು ಕೊಡಬೇಕಾದದ್ದು ಈ ಹಣದ ವಿಷಯಕ್ಕೆ. ಧ್ವಜ, ಸೈನ್ಯ, ಅಧ್ಯಕ್ಷರ ಅರಮನೆ ಎಲ್ಲ ಕಣ್ಣಿಗೆ ಕಾಣುತ್ತವೆ. ಹಣದ ಹಿಡಿತ ಕಾಣುವುದಿಲ್ಲ, ಕೈಯಲ್ಲಿ ಹಿಡಿದು ತೋರಿಸಬೇಕು. ನಾನು ಶೇಂಗಾ ಬಳಸಿದೆ. ಸೆನೆಗಲ್ ಕೂಡ ಶೇಂಗಾ ನಾಡು. ಫ್ರೆಂಚರ ಕಾಲದಲ್ಲಿ ಅಲ್ಲಿನ ಶೇಂಗಾ ಹಡಗು ಹತ್ತಿ ಮಾರ್ಸೇ, ಬೋರ್ಡೋ ಊರುಗಳ ಎಣ್ಣೆ ಗಿರಣಿಗೆ ಹೋಗುತ್ತಿತ್ತು. ಇದನ್ನು ಹೇಳಿದ ಕೂಡಲೇ ಎಪಿಎಂಸಿಯ ಹಮಾಲಣ್ಣ ಮುಂದಕ್ಕೆ ಸರಿದು ಕೂತರು.

ಒಂದು ತಾಟಿನಲ್ಲಿ ಗುಳಿಗೆಯ ಒಂದು ಪಟ್ಟಿ ಇಡಿ. ಅದು ಫ್ರಾನ್ಸಿನಿಂದ ಬರುವ ಔಷಧ, ಬೆಲೆ ಒಂದು ಫ್ರೆಂಚ್ ಫ್ರಾಂಕ್ ಅಂತಿಟ್ಟುಕೊಳ್ಳಿ. ಎದುರಿನ ತಾಟಿಗೆ 50 ಶೇಂಗಾ ಕಾಳು ಎಣಿಸಿ ಹಾಕಿಸಿ, ಒಂದು ಕಾಳು ಅಂದರೆ ಒಂದು ಸಿಎಫ್‌ಎ. 1993ರಲ್ಲಿ ಆ ಔಷಧಕ್ಕೆ 50 ಸಿಎಫ್‌ಎ ಸಾಕಿತ್ತು. ಈಗ ಇನ್ನೂ 50 ಹಾಕಿಸಿ. 1994ರ ಜನವರಿಯಲ್ಲಿ ಹಣದ ಬೆಲೆ ಒಂದೇ ಏಟಿಗೆ ಅರ್ಧವಾಯಿತು. ಗುಳಿಗೆ ಅದೇ, ಕಾಳು ಮಾತ್ರ ನೂರು. ಬೆಳೆ ಹೊರದೇಶಕ್ಕೆ ಮಾರುವವರಿಗೆ ಇದರಿಂದ ಅನುಕೂಲವೂ ಇತ್ತು, ಅದನ್ನೂ ಹೇಳಿ. ಈಗ ಫ್ರಾನ್ಸಿನ ಹಣ ಯೂರೋ. ಇವತ್ತಿಗೂ ಒಂದು ಯೂರೋಗೆ 655.957 ಸಿಎಫ್‌ಎ ಅಂತ ಗಟ್ಟಿಯಾಗಿ ಕಟ್ಟಿದ್ದಾರೆ.

ಇಲ್ಲಿ ಯಾರಾದರೂ ವಾಟ್ಸ್ಆ್ಯಪ್ ತೆಗೆದು, "ಈ ದೇಶಗಳು ಫ್ರಾನ್ಸಿಗೆ ಇನ್ನೂ ಕಪ್ಪ ಕೊಡುತ್ತವಂತೆ" ಅಂತ ಓದಿಯೇ ಓದುತ್ತಾರೆ. ಅದು ಸುಳ್ಳು, ಅಲ್ಲೇ ತಿದ್ದಿ. ಕಪ್ಪ ಇಲ್ಲ. ತಮ್ಮ ವಿದೇಶಿ ಮೀಸಲು ಹಣದ, ಅಂದರೆ ಕೂಡಿಟ್ಟ ಹೊರದೇಶದ ಹಣದ, ಅರ್ಧವನ್ನು ಅವು ಫ್ರಾನ್ಸಿನ ಖಜಾನೆಯಲ್ಲಿ ಇಡಬೇಕಿತ್ತು. ಹಣ ಅವರದೇ, ಬಡ್ಡಿಯೂ ಬರುತ್ತಿತ್ತು. ಪಶ್ಚಿಮದ 8 ದೇಶಗಳ ಮಟ್ಟಿಗೆ ಆ ಕಟ್ಟುಪಾಡು ತೆಗೆಯಲು 2019ರ ಡಿಸೆಂಬರಿನಲ್ಲಿ ಒಪ್ಪಂದವಾಯಿತು. ನಾನು ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಪಕ್ಕದ ಮನೆಯ ನೇಕಾರ ಕಾಕಾ ಕೇಳಿದರು: "ಅಕ್ಕೋರ, ರೊಕ್ಕ ನಮ್ದು, ಕೀಲಿಕೈ ಅವ್ರ ಕೈಯಾಗ ಅಂದ್ರ ಅದು ನಮ್ದು ಹೆಂಗ ಆಕ್ಕತ್ರಿ?" ಇಡೀ ಚಿತ್ರದ ತಿರುಳು ಆ ಪ್ರಶ್ನೆಯಲ್ಲಿತ್ತು. ಸುಳ್ಳು ಸುದ್ದಿ ತೆಗೆದರೂ ಅನ್ಯಾಯ ಉಳಿಯುತ್ತದೆ. ಸರಿಯಾದ ಲೆಕ್ಕ ಹೇಳಿದಾಗಲೇ ಅದು ಮನಸ್ಸಿಗೆ ನಾಟುತ್ತದೆ.

ಬರೀ ಫ್ರಾನ್ಸನ್ನು ಬೈದು ಮುಗಿಸಬೇಡಿ. ಒಳಗಿನ ಕೈಗಳನ್ನೂ ತೋರಿಸಿ. ಐವರಿ ಕೋಸ್ಟ್‌ನ ಹೂಫೂಯೆ ಬ್ವಾನ್ಯಿ ಮೊದಲು ಪ್ಯಾರಿಸ್ಸಿನ ಸರ್ಕಾರದಲ್ಲೇ ಮಂತ್ರಿಯಾಗಿದ್ದರು. 1960ರಿಂದ 1993ರಲ್ಲಿ ಸಾಯುವವರೆಗೂ ತಮ್ಮ ದೇಶದ ಅಧ್ಯಕ್ಷರಾಗಿದ್ದರು, ಫ್ರಾನ್ಸಿನ ಆಪ್ತರಾಗಿಯೇ ಉಳಿದರು. ಹಾಗೆಯೇ ಬುರ್ಕಿನಾ ಫಾಸೋದ ತೋಮಾ ಸಂಕಾರಾ ಅವರ ಫೋಟೋ ಬಂದಾಗ ಚಿತ್ರ ನಿಲ್ಲಿಸಿ. ಸ್ವಂತ ಕಾಲ ಮೇಲೆ ನಿಲ್ಲಬೇಕು ಎಂದ ಆ ತರುಣ ಅಧ್ಯಕ್ಷರನ್ನು 1987ರ ಅಕ್ಟೋಬರ್ 15ರಂದು ಕೊಂದರು. ದೇಶದ ಹತ್ತಿಯನ್ನು ಅಲ್ಲೇ ನೇಯ್ದು ಉಡಬೇಕು ಅಂತ ಹೇಳುತ್ತಿದ್ದವರು. ಬೆಟಗೇರಿಯಲ್ಲಿ ಇದಕ್ಕೆ ವಿವರಣೆ ಬೇಕಾಗಲಿಲ್ಲ.

ಚಿತ್ರ ಮುಗಿದ ಮೇಲೆ ಮಿರ್ಚಿ, ಗಿರ್ಮಿಟ್ಟು ಕೊಡಿ, ಮಾತು ತಾನಾಗಿ ಬರುತ್ತದೆ. ನಮ್ಮ ದೇಶದ ಮಾತು ಆಗ ಬರಲಿ, ಮೊದಲೇ ತರಬೇಡಿ. ತಂದರೆ ಆಫ್ರಿಕಾ ಮರೆಗೆ ಸರಿಯುತ್ತದೆ. ಸಿಎಫ್‌ಎ ನೋಟು ಫ್ರಾನ್ಸಿನಲ್ಲೇ ಅಚ್ಚಾಗುತ್ತದೆ ಅಂದಾಗ ಒಬ್ಬ ಹುಡುಗಿ ನಮ್ಮದು ಎಲ್ಲಿ ಅಚ್ಚಾಗುತ್ತಿತ್ತು ಅಂತ ಕೇಳಿದಳು. 1928ರಲ್ಲಿ ನಾಸಿಕದಲ್ಲಿ ನೋಟು ಅಚ್ಚಾಗಲು ಶುರುವಾಗುವ ತನಕ ಇಂಗ್ಲೆಂಡಿನಿಂದ ಬರುತ್ತಿತ್ತು. ಇನ್ನೊಬ್ಬರು ಭೂಸ್ವಾಧೀನದ ಮಾತು ತೆಗೆದರು. ಬ್ರಿಟಿಷರ 1894ರ ಕಾನೂನು 2013ರಲ್ಲಿ ಹೊಸದು ಬರುವ ತನಕ ನಮ್ಮ ಹೊಲಗಳ ಮೇಲಿತ್ತು ಅಂತ ಹೇಳಿದಾಗ ಪಡಸಾಲೆ ಸ್ವಲ್ಪ ಹೊತ್ತು ಗಪ್ಪಾಯಿತು.

ನಕ್ಷೆಯನ್ನು ಅವತ್ತೇ ಸುತ್ತಿಡಬೇಡಿ. ನಾನು ಒಂದು ವಾರ ಗೋಡೆ ಮೇಲೇ ಬಿಟ್ಟೆ. ಹಾಲು ಹಾಕುವ ಹುಡುಗ ದಿನಾ ಒಂದು ಟಿಕಳಿ ಮೇಲೆ ಬೆರಳಿಟ್ಟು ದೇಶದ ಹೆಸರು ಕೇಳುತ್ತಿದ್ದ. ಕೊನೆಯ ದಿನ ಸೆನೆಗಲ್ ಕೆಳಗಿನ ಗಿನಿ ದೇಶ ತೋರಿಸಿ, "ಇದಕ್ಕ್ಯಾಕ ಟಿಕಳಿ ಹಚ್ಚಿಲ್ರಿ ಅಕ್ಕೋರ?" ಅಂದ. ಕ್ಯಾನ್ ಕೆಳಗಿಡಿಸಿ ಕೂಡ್ರಿಸಿಕೊಂಡೆ. 1958ರಲ್ಲಿ ಆ ಒಂದು ದೇಶ ಮಾತ್ರ ಮತ ಹಾಕಿ ಫ್ರಾನ್ಸಿಗೆ ಒಲ್ಲೆ ಅಂದದ್ದು, ಸಿಟ್ಟಿಗೆದ್ದ ಅಧಿಕಾರಿಗಳು ಕಡತ, ಸಾಮಾನು ಎಲ್ಲ ಹೊತ್ತುಕೊಂಡು ಹೋದದ್ದು, 1960ರಲ್ಲಿ ಗಿನಿ ತನ್ನದೇ ಹಣ ತಂದದ್ದು, ಎಲ್ಲ ಹೇಳಿದೆ.