ಕೈದಿಗಳು ಕಟ್ಟಿದ ಘಾಟಿಯಲ್ಲಿ ನಡೆದಾಗ: ನನ್ನ ಅನುಭವ

ಸಿಡ್ನಿಯ ಉತ್ತರಕ್ಕೆ ವೈಸ್‌ಮನ್ಸ್ ಫೆರಿ ಅಂತ ಒಂದು ಪುಟ್ಟ ಊರಿದೆ. ಕಾರಿನಲ್ಲಿ ಸುಮಾರು ಒಂದೂವರೆ ಗಂಟೆ. ಹಾಕ್ಸ್‌ಬರಿ ನದಿಯನ್ನು ಅಲ್ಲಿ ಫೆರಿಯಲ್ಲಿ ದಾಟಬೇಕು. ಕಾಸಿಲ್ಲ, ಕಾರಿನ ಸಮೇತ ದಾಟಿಸುತ್ತಾರೆ. ಆಚೆ ದಡದಲ್ಲಿ ಇಳಿದು ಎಡಕ್ಕೆ ತಿರುಗಿ ಸ್ವಲ್ಪ ದೂರ ಹೋದರೆ ಬಲಗಡೆ ಒಂದು ಗೇಟು ಸಿಗುತ್ತದೆ. ಗ್ರೇಟ್ ನಾರ್ತ್ ರೋಡ್ ಎಂಬ ಹಳೆ ರಸ್ತೆ ಅಲ್ಲಿಂದಲೇ ಡಿವೈನ್ಸ್ ಹಿಲ್ ಎಂಬ ಗುಡ್ಡ ಹತ್ತಲು ಶುರು ಮಾಡುತ್ತದೆ. ಕಾರಿಗೆ ಪ್ರವೇಶ ಇಲ್ಲ. ಕಾಲ್ನಡಿಗೆ ಅಥವಾ ಸೈಕಲ್ ಮಾತ್ರ.

ಇಲ್ಲಿಗೆ ಬರುವ ಹೆಚ್ಚಿನವರು ಮೇಲಿನ ನದಿ ನೋಟಕ್ಕೆಂದೇ ಬರುತ್ತಾರೆ. ದಡದಡ ಹತ್ತಿ, ಫೋಟೋ ತೆಗೆದು, ಇಳಿದುಬಿಡುತ್ತಾರೆ. ನೋಟ ಚೆನ್ನಾಗಿಯೇ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಊರಲ್ಲಿ ಘಾಟಿ ರಸ್ತೆ ಕೆಲಸದಲ್ಲಿ ದುಡಿದು, ಈಗ ಇಲ್ಲಿ ಮಳೆನೀರು ಚರಂಡಿಗಳ ವಿನ್ಯಾಸ ಮಾಡುವ ನನಗೆ, ನೋಡಬೇಕಾದದ್ದು ಕಾಲಡಿಯ ರಸ್ತೆ.

ಸಿಡ್ನಿಯನ್ನು ಹಂಟರ್ ಕಣಿವೆಗೆ ಜೋಡಿಸಲು 1826ರಿಂದ 1836ರವರೆಗೆ ಈ ರಸ್ತೆ ಕಟ್ಟಿದರು. ಒಟ್ಟು ಉದ್ದ 240 ಕಿಲೋಮೀಟರಿಗೂ ಜಾಸ್ತಿ. ಕಟ್ಟಿದವರು ಬ್ರಿಟನ್ನಿನಿಂದ ಗಡೀಪಾರಾಗಿ ಬಂದ ಕೈದಿಗಳು. ಅವರಲ್ಲೂ ಇಲ್ಲಿಗೆ ಬಂದ ಮೇಲೆ ಮತ್ತೆ ತಪ್ಪು ಮಾಡಿ ಸಿಕ್ಕಿಬಿದ್ದವರನ್ನು ಕಾಲಿಗೆ ಬೇಡಿ ಹಾಕಿ ಕಲ್ಲು ಒಡೆಯಲು ಕಳಿಸುತ್ತಿದ್ದರು. ಬೇಡಿಯಲ್ಲೇ ಏಳಬೇಕು, ದುಡಿಯಬೇಕು, ಮಲಗಬೇಕು. ಆ ಕಾಲಿನಲ್ಲಿ ಈ ಏರು ಹತ್ತುವುದು ಹೇಗಿತ್ತೋ! ಬೇಡಿಯಿಲ್ಲದ ಕಾಲಲ್ಲಿ ಹತ್ತುವ ನಮಗೇ ಮೊದಲ ತಿರುವಿನಲ್ಲಿ ಉಸಿರು ಮೇಲೆ ಬರುತ್ತದೆ.

ಕಳೆದ ಚಳಿಗಾಲದಲ್ಲಿ ಮಾವ ಬಂದಿದ್ದಾಗ ಅವರನ್ನು ಕರೆದುಕೊಂಡು ಹೋಗಿದ್ದೆ. ದೇವನಹಳ್ಳಿ ಕಡೆಯವರು. ವಯಸ್ಸಿನಲ್ಲಿ ಕಲ್ಲು ಕ್ವಾರಿಯಲ್ಲಿ ದುಡಿದವರು. ಸ್ವಲ್ಪ ದೂರ ಹತ್ತುತ್ತಲೇ ರಸ್ತೆಯ ಪಕ್ಕದ ಬಂಡೆಯ ಮುಂದೆ ನಿಂತುಬಿಟ್ಟರು. ಬಂಡೆಯ ಮುಖದ ಮೇಲೆ ಉದ್ದಕ್ಕೆ ಅರ್ಧ ಸೀಳಿದ ಕೊಳವೆಯ ಹಾಗೆ ಒಂದು ಗುರುತು. ಮಾವ ಅದರೊಳಗೆ ಬೆರಳಿಟ್ಟು ಮೇಲಿಂದ ಕೆಳಗೆ ಎಳೆದು ನೋಡಿದರು.

"ಕುಳಿ ಹೊಡ್ದಿದಾರೆ ಅಳಿಯಂದ್ರೇ. ಮದ್ದು ತುಂಬಿ ಸಿಡಿಸಿರೋದು. ಒಬ್ಬ ಹಾರೆ ಹಿಡ್ಕೊಂಡು ತಿರುಗಿಸ್ತಾ ಇರ್ಬೇಕು, ಇನ್ನೊಬ್ಬ ಹೊಡೀಬೇಕು. ನಾವೂ ಹಿಂಗೇ ಮಾಡ್ತಿದ್ವಿ."

"ಈ ಕಲ್ಲು ನಮ್ಮ ಗ್ರಾನೈಟಿನಷ್ಟು ಗಟ್ಟಿ ಅಲ್ಲ ಅಲ್ವಾ ಮಾವ?"

"ಮೆತ್ತಗಿದೆ, ಮರಳುಗಲ್ಲು. ಆದ್ರೂ ಕೈಯಲ್ಲೇ ತಾನೇ ಹೊಡ್ದಿರೋದು? ಹಿಡ್ಕೊಂಡವನ ಕೈ ಏನಾಗಿರ್ಬೇಕು ನೋಡಿ."

ಅವರು ಹೇಳಿದ್ದು ಸರಿ. ಒಬ್ಬ ಉಕ್ಕಿನ ಸಲಾಕೆ ಹಿಡಿದು ಪ್ರತಿ ಏಟಿಗೂ ಸ್ವಲ್ಪ ತಿರುಗಿಸುತ್ತಾನೆ, ಇನ್ನೊಬ್ಬ ಸುತ್ತಿಗೆಯಲ್ಲಿ ಹೊಡೆಯುತ್ತಾನೆ. ಕುಳಿ ಆಳವಾದ ಮೇಲೆ ಒಳಗಿನ ಪುಡಿ ತೆಗೆದು, ಕರಿಮದ್ದು ತುಂಬಿ, ಬಾಯಿ ಬಿಗಿದು, ಬೆಂಕಿ ಕೊಡುವುದು. ಬಂಡೆ ಸೀಳಿದಾಗ ಕುಳಿಯ ಅರ್ಧ ಭಾಗ ಬಂಡೆಯಲ್ಲೇ ಉಳಿಯುತ್ತದೆ. ದಾರಿಯುದ್ದಕ್ಕೂ ಹುಡುಕಿದರೆ ಇಂಥವು ಬೇಕಾದಷ್ಟು ಸಿಗುತ್ತವೆ. ಬಂಡೆಯ ಮೇಲೆ ಪಿಕಾಸಿಯ ಓರೆ ಗೀರುಗಳೂ ಇವೆ. ಬೆಳಗಿನ ಓರೆ ಬಿಸಿಲಿನಲ್ಲಿ ಅವು ಚೆನ್ನಾಗಿ ಕಾಣುತ್ತವೆ. ಹಾಗಾಗಿ ಬೇಗ ಹೋಗಿ.

ಇನ್ನು ತಡೆಗೋಡೆ. ಅದನ್ನು ನೋಡಲು ರಸ್ತೆಯ ಕಣಿವೆ ಬದಿಗೆ ಬಂದು ತಿರುವಿನಿಂದ ಹಿಂದೆ ತಿರುಗಿ ನೋಡಬೇಕು. ಕೆಲವು ಕಡೆ ಹತ್ತಿರ ಹತ್ತಿರ 10 ಮೀಟರ್ ಎತ್ತರ ಇದೆ. ಅಡಿಯಲ್ಲಿ ದೊಡ್ಡ ದಿಮ್ಮಿ ಕಲ್ಲು, ಮೇಲೆ ಹೋದಂತೆ ಸಣ್ಣವು. ಗೋಡೆ ನೆಟ್ಟಗಿಲ್ಲ, ಗುಡ್ಡದ ಕಡೆಗೆ ಸ್ವಲ್ಪ ವಾಲಿದೆ. ನಮ್ಮ ಘಾಟಿಗಳಲ್ಲಿ ಮಳೆಗಾಲದಲ್ಲಿ ಗೋಡೆ ಕುಸಿಯುವುದು ಬಹಳ ಸಲ ಹಿಂದೆ ತುಂಬಿದ ನೀರಿನ ಒತ್ತಡದಿಂದ. ಇಲ್ಲಿ ಕಲ್ಲಿನ ಸಂದಿನಲ್ಲಿ ಗಾರೆ ಇಲ್ಲ. ಒಳಗೆ ಇಳಿದ ನೀರು ಸಂದಿಯಿಂದ ತಾನೇ ಒಸರಿ ಹೋಗುತ್ತದೆ. ಒತ್ತಡ ಕಟ್ಟುವುದೇ ಇಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮೋರಿಗಳು. ಗುಡ್ಡದ ಮೇಲಿಂದ ಇಳಿಯುವ ನೀರು ಮೊದಲು ರಸ್ತೆಯ ಒಳಬದಿಯ ಚರಂಡಿಗೆ ಬೀಳುತ್ತದೆ. ಆ ಚರಂಡಿಯನ್ನು ಎಷ್ಟೋ ಕಡೆ ಬಂಡೆಯಲ್ಲೇ ಕೊರೆದಿದ್ದಾರೆ. ಅಲ್ಲಿಂದ ನೀರು ಮೋರಿಯಲ್ಲಿ ರಸ್ತೆಯ ಅಡಿಗೆ ಹೋಗಿ, ತಡೆಗೋಡೆಯ ಮುಖದಲ್ಲಿ ಚೌಕ ಬಾಯಿಂದ ಹೊರಬರುತ್ತದೆ. ಅಲ್ಲಿಗೇ ಬಿಟ್ಟಿದ್ದರೆ ಗೋಡೆಯ ಬುಡ ಕೊಚ್ಚಿಹೋಗುತ್ತಿತ್ತು. ನೀರು ಬುಡ ಬಿಟ್ಟು ದೂರ ಹರಿಯಲಿ ಅಂತ ಹೊರಗಡೆಯೂ ಕಲ್ಲು ಕಟ್ಟಿದ್ದಾರೆ. ಮಳೆ ಬಂದ ಮರುದಿನ ಹೋಗಿದ್ದಾಗ ಒಂದು ಮೋರಿ ಇನ್ನೂ ಕೆಲಸ ಮಾಡುತ್ತಿರುವುದನ್ನು ನೋಡಿದೆ. ನೀರು ತೆಳ್ಳಗೆ, ಅವರು ತೋರಿಸಿದ ದಾರಿಯಲ್ಲೇ ಹೋಗುತ್ತಿತ್ತು. ಕಟ್ಟಿ ಹತ್ತಿರ ಹತ್ತಿರ 200 ವರ್ಷ! ತುಂಬಾ ಹೊತ್ತು ಅಲ್ಲೇ ಕೂತಿದ್ದೆ.

ಡಿವೈನ್ಸ್ ಹಿಲ್ ಭಾಗದ ಉಸ್ತುವಾರಿ ಪರ್ಸಿ ಸಿಂಪ್ಸನ್ ಎಂಬ ಅಧಿಕಾರಿಯದು. ಆತನಿಗೆ ಕೆಲಸ ಗೊತ್ತಿತ್ತು, ಅದರಲ್ಲಿ ಅನುಮಾನ ಇಲ್ಲ. ಆದರೆ ಕಲ್ಲಿಗೆ ಕಲ್ಲು ಕೂರಿಸಿದವರ ಹೆಸರು ಗೋಡೆಯ ಮೇಲೆ ಎಲ್ಲೂ ಇಲ್ಲ. ಅದು ನನಗೆ ಪ್ರತಿ ಸಲವೂ ಚುಚ್ಚುತ್ತದೆ. ರಸ್ತೆ ಹಾಯುವ ನೆಲ ಡಾರುಗ್ ಮತ್ತು ಡಾರ್ಕಿನ್ಯುಂಗ್ ಎಂಬ ಮೂಲನಿವಾಸಿ ಜನರದ್ದು. ಅವರನ್ನು ಯಾರೂ ಕೇಳಲಿಲ್ಲ. ಹಾಕ್ಸ್‌ಬರಿಗೆ ಡಾರುಗ್ ಜನ ಇಟ್ಟ ಹೆಸರು ಡ್ಯಾರಬಿನ್.

ಅರ್ಧ ದಾರಿಯಲ್ಲಿ ಹ್ಯಾಂಗ್‌ಮನ್ಸ್ ರಾಕ್ ಎಂಬ ಬಂಡೆಗುಹೆ ಸಿಗುತ್ತದೆ. ಅಲ್ಲಿ ಕೈದಿಗಳನ್ನು ನೇಣು ಹಾಕುತ್ತಿದ್ದರು ಅಂತ ಕಥೆ ಹೇಳುತ್ತಾರೆ. ಅದಕ್ಕೆ ಪುರಾವೆ ಇಲ್ಲ. ಮಕ್ಕಳಿಗೆ ಆ ಕಥೆ ಹೇಳುವ ಬದಲು ಮೋರಿ ತೋರಿಸಿ.

ಏರು ಮುಗಿದ ಮೇಲೆ ದಾರಿ ಸಲೀಸು. ಎರಡೂ ಕಡೆ ನೀಲಗಿರಿ ಜಾತಿಯ ಮರಗಳು, ಬ್ಯಾಂಕ್ಸಿಯಾ, ಹುಲ್ಲುಮರ. ಬಿಸಿಲು ಕಾಯುವ ದೊಡ್ಡ ಉಡ ಕಂಡರೆ ದೂರದಿಂದಲೇ ನೋಡಿ. ಮುಂದೆ ಬಲಕ್ಕೆ ಫಿಂಚಸ್ ಲೈನ್ ಕವಲೊಡೆಯುತ್ತದೆ. 1825ರಲ್ಲಿ ಹೆನೇಜ್ ಫಿಂಚ್ ಅಳತೆ ಮಾಡಿದ ಮೊದಲ ದಾರಿ ಅದು. ಕಡಿದಾದ ಹಾವು ತಿರುವುಗಳು. ಗಾಡಿ ಹತ್ತುವುದು ಕಷ್ಟ ಅಂತ ಬಿಟ್ಟು, ಡಿವೈನ್ಸ್ ಹಿಲ್ ಮೇಲೆ ಹೊಸ ಏರು ಕಟ್ಟಿದರು. ನದಿ ನೋಟದ ಜಾಗ ಇರುವುದು ಈ ಹಳೆ ದಾರಿಯಲ್ಲಿ. ಕೆಳಗೆ ಹಾಕ್ಸ್‌ಬರಿ ಬಳುಕಿ ತಿರುಗುತ್ತದೆ, ಫೆರಿ ಆಚೆ ಈಚೆ ಓಡಾಡುತ್ತಿರುತ್ತದೆ. ನಮ್ಮ ಚಿತ್ರಾನ್ನದ ಡಬ್ಬಿ ತೆರೆಯುವುದು ಯಾವಾಗಲೂ ಅಲ್ಲೇ.

ಇಷ್ಟು ಕಷ್ಟಪಟ್ಟು ಕಟ್ಟಿದ ರಸ್ತೆ ಜಾಸ್ತಿ ಕಾಲ ಬಳಕೆಯಾಗಲಿಲ್ಲ. ದಾರಿಯಲ್ಲಿ ದನಕರುಗಳಿಗೆ ನೀರು, ಮೇವು ಸಾಲುತ್ತಿರಲಿಲ್ಲ. 1831ರಲ್ಲಿ ಸಿಡ್ನಿಯಿಂದ ಹಂಟರ್ ಕಡೆಗೆ ಉಗಿಹಡಗು ಶುರುವಾದ ಮೇಲೆ ಜನ ಅದನ್ನೇ ಹಿಡಿದರು. ಓಡಾಟ ಕಡಿಮೆ ಆದ್ದರಿಂದಲೇ ಈ ಭಾಗ ಡಾಂಬರಿನ ಅಡಿಗೆ ಹೋಗದೆ ಉಳಿದಿದೆ. 2010ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಆಸ್ಟ್ರೇಲಿಯಾದ 11 ಕೈದಿ ತಾಣಗಳು ಸೇರಿದವು. ಅವುಗಳಲ್ಲಿ ಇದೂ ಒಂದು.

ಹೋಗುವವರಿಗೆ ನನ್ನ ಸಲಹೆ: ಡಿವೈನ್ಸ್ ಹಿಲ್‌ನಲ್ಲಿ ಹತ್ತಿ, ಫಿಂಚಸ್ ಲೈನಿನಲ್ಲಿ ಇಳಿದು, ನದಿ ಪಕ್ಕದ ಟಾರು ರಸ್ತೆಯಲ್ಲಿ ವಾಪಸ್ ಬನ್ನಿ. ಒಂದು ಸುತ್ತು ಸುಮಾರು 9 ಕಿಲೋಮೀಟರ್. ನಿಧಾನಕ್ಕೆ ನೋಡುತ್ತಾ ಹೋದರೆ ಅರ್ಧ ದಿನ ಬೇಕು. ಆ ಟಾರು ರಸ್ತೆಯಲ್ಲಿ ಕಾರು ಓಡಾಡುತ್ತವೆ, ಮಕ್ಕಳ ಕೈ ಹಿಡಿದುಕೊಳ್ಳಿ. ದಾರಿಯಲ್ಲಿ ಕುಡಿಯುವ ನೀರು ಸಿಗುವುದಿಲ್ಲ, ತಲೆಗೆ ಎರಡು ಲೀಟರ್ ಆದರೂ ಇರಲಿ. ಫೋನ್ ಸಿಗ್ನಲ್ ನಂಬಬೇಡಿ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಎಚ್ಚರಿಕೆ ನೋಡಿಕೊಂಡೇ ಹೊರಡಿ. ಮನೆಗೆ ಬಂದ ಮೇಲೆ ಮೈಮೇಲೆ ರಕ್ತ ಹೀರುವ ಉಣ್ಣಿ ಹತ್ತಿದೆಯಾ ನೋಡಿಕೊಳ್ಳಿ. ಗೋಡೆಯ ಮೇಲೆ ಹತ್ತಬೇಡಿ. ಒಂದು ಕಲ್ಲು ಸಡಿಲವಾದರೆ ಪಕ್ಕದ್ದೂ ಸಡಿಲವಾಗುತ್ತದೆ.

ಇನ್ನೂ ಮುಂದೆ ಹೋಗುವ ಹುಮ್ಮಸ್ಸಿದ್ದರೆ ಸೈಕಲ್ ತನ್ನಿ. ವಾಹನ ಓಡಾಡದ ಹಳೆ ರಸ್ತೆ ಉತ್ತರಕ್ಕೆ 43 ಕಿಲೋಮೀಟರ್ ಇದೆ. ಟೆನ್ ಮೈಲ್ ಹಾಲೋ ಹತ್ತಿರ ಕ್ಲೇರ್ಸ್ ಬ್ರಿಡ್ಜ್ ಸಿಗುತ್ತದೆ. 1830ರ ಆಸುಪಾಸಿನ ಸೇತುವೆ. ಅದರ ಕಲ್ಲಿನ ಕೆಲಸ ಡಿವೈನ್ಸ್ ಹಿಲ್ ಗೋಡೆಗಿಂತ ಒಂದು ಕೈ ಮೇಲು ಅನ್ನುವುದು ನನ್ನ ಅಭಿಪ್ರಾಯ. ಮಾವ ಮುಂದಿನ ಸಲ ಬಂದಾಗ ಅದನ್ನು ನೋಡಲೇಬೇಕು ಅಂದಿದ್ದಾರೆ.