ಮುಂಬೈಯ ತೇವದಲ್ಲಿ ಡೆಟ್ರಾಯಿಟ್ ಕಾರು: ಕೊಳ್ಳುವುದು, ತರಿಸುವುದು, ಕಾಪಾಡುವುದು

1953ರಲ್ಲಿ ತಯಾರಾದ ಷೆವರ್ಲೆ ಕಾರ್ವೆಟ್‌ಗಳು ಬರೀ 300. ಎಲ್ಲದರ ಮೈ ಬಿಳಿ, ಒಳಗೆ ಕೆಂಪು. ಇಂಥ ಕಾರಿನಲ್ಲಿ ಮೋಸ ಮಾಡುವುದು ಸುಲಭವಲ್ಲ, ಚಾಸಿ ನಂಬರೇ ಅದು ಯಾವ ವರ್ಷದ್ದೆಂದು ಹೇಳಿಬಿಡುತ್ತದೆ. ಮೋಸ ನಡೆಯುವುದು ಸಾವಿರಾರು ಮಾಮೂಲಿ ಕಾರುಗಳ ನಡುವೆ ಬೆರಳೆಣಿಕೆಯ ವಿಶೇಷ ಕಾರುಗಳು ಹೊರಬಂದ ಕಡೆ. 1967ರಲ್ಲಿ 22,940 ಕಾರ್ವೆಟ್‌ಗಳು ತಯಾರಾದವು. ರೇಸಿಗೆಂದೇ ಮಾಡಿದ ಎಲ್88 ಎಂಜಿನ್ ಕೂರಿಸಿದ್ದು ಅವುಗಳಲ್ಲಿ 20ಕ್ಕೆ ಮಾತ್ರ. ಆದರೆ ಆ ವರ್ಷದ ಚಾಸಿ ನಂಬರಿನಲ್ಲಿ ಎಂಜಿನ್ನಿನ ಗುರುತೇ ಇಲ್ಲ. ಷೆವರ್ಲೆ ಅದನ್ನು ಸೇರಿಸಿದ್ದು 1972ರಿಂದ. ಮಾಮೂಲಿ ಕಾರಿಗೆ ಬೇರೆ ಎಂಜಿನ್ ಇಳಿಸಿ, ಕಾಗದ ಹೊಂದಿಸಿ, ಬಾಯಿಗೆ ಬಂದ ಬೆಲೆ ಹೇಳುವವರಿಗೆ ಅಷ್ಟು ಸಂದು ಸಾಕು.

ಹಾಗಾಗಿ ಫೋಟೊ ನೋಡಿ ಮನಸೋಲುವ ಮೊದಲು ಕಾಗದ ಕೇಳಿ.

ಯಾವ ಕಂಪನಿಗೆ ಯಾವ ಸಾಕ್ಷಿ

ಮೊದಲ ಕಾರಾದರೆ ಫೋರ್ಡ್ ಒಳ್ಳೆಯದು. 1967ರಿಂದ ಈಚಿನ ಫೋರ್ಡ್ ಕಾರುಗಳ ತಯಾರಿಕೆಯ ದಾಖಲೆ ಉಳಿದಿದೆ. ಚಾಸಿ ನಂಬರ್ ಕೊಟ್ಟು ದುಡ್ಡು ಕಟ್ಟಿದರೆ ಮಾರ್ಟಿ ರಿಪೋರ್ಟ್ ಎಂಬ ಕಾಗದ ಬರುತ್ತದೆ; ಬಣ್ಣ, ಎಂಜಿನ್, ಗೇರ್‌ಬಾಕ್ಸ್, ಮೊದಲು ಮಾರಿದ ಡೀಲರ್ ಎಲ್ಲ ಅದರಲ್ಲಿರುತ್ತದೆ. ಫೋರ್ಡ್‌ನ ವಿಶೇಷ ಮಾದರಿ ಮಸ್ಟಾಂಗ್ ಬಾಸ್ 429 ಅನ್ನು 1969ರಲ್ಲಿ 859, 1970ರಲ್ಲಿ 499 ಮಾಡಿದರು. ಚಾಸಿ ನಂಬರಿನ ಐದನೆಯ ಸ್ಥಾನದಲ್ಲಿ ಝಡ್ ಅಕ್ಷರ ಇರಲೇಬೇಕು. ಬಾಸ್ 302 ಆದರೆ ಅಲ್ಲಿ ಜಿ. ಬೇರೆ ಅಕ್ಷರ ಕಂಡರೆ ಮಾತುಕತೆ ಅಲ್ಲಿಗೇ ಮುಗಿಸಿ.

ಡಾಜ್, ಪ್ಲಿಮತ್ ಕಾರುಗಳಲ್ಲೂ ಐದನೆಯ ಅಕ್ಷರವೇ ಎಂಜಿನ್ನಿನ ಗುರುತು: 1970, 1971ರ ಕಾರುಗಳಲ್ಲಿ ಆರ್ ಎಂದರೆ 426 ಹೆಮಿ ಎಂಜಿನ್, ವಿ ಎಂದರೆ ಮೂರು ಕಾರ್ಬ್ಯುರೇಟರ್‌ನ 440. ಬಾನೆಟ್ ಎತ್ತಿದರೆ ಎಡಗಡೆಯ ಒಳ ಮಡ್‌ಗಾರ್ಡ್ ಮೇಲೆ ಪುಟ್ಟ ತಗಡಿನ ಪಟ್ಟಿ ಇರುತ್ತದೆ. ಅದನ್ನು ಇವತ್ತು ಯಾರು ಬೇಕಾದರೂ ಹೊಸದಾಗಿ ಅಚ್ಚು ಹಾಕಿಸಿಕೊಳ್ಳಬಹುದು, ಆದ್ದರಿಂದ ಅದೊಂದನ್ನೇ ನಂಬಬಾರದು. ಸೀಟಿನ ಸ್ಪ್ರಿಂಗ್‌ಗಳ ನಡುವೆ ಸಿಕ್ಕಿಕೊಂಡಿರುವ ಕಾರ್ಖಾನೆಯ ಹಾಳೆ ಇದ್ದರೆ ಅದಕ್ಕೆ ತೂಕ ಹೆಚ್ಚು. ಪಾಂಟಿಯಾಕ್‌ಗೆ ಪಾಂಟಿಯಾಕ್ ಹಿಸ್ಟಾರಿಕ್ ಸರ್ವಿಸಸ್ ಮೂಲ ಬಿಲ್ಲಿನ ಪ್ರತಿ ಕೊಡುತ್ತದೆ. ಒಟ್ಟು 697 ತಯಾರಾದ 1969ರ ಟ್ರಾನ್ಸ್ ಆ್ಯಮ್ ಅನ್ನು ಆ ಪ್ರತಿ ಇಲ್ಲದೆ ಕೊಳ್ಳುವುದು ಹುಚ್ಚುತನ.

ಕಷ್ಟ ಇರುವುದು ಷೆವರ್ಲೆಯಲ್ಲಿ. 1967ರಿಂದ ಕಾರ್ವೆಟ್‌ನ ಪೆಟ್ರೋಲ್ ಟ್ಯಾಂಕಿನ ಮೇಲ್ಭಾಗಕ್ಕೆ ಕಾರ್ಖಾನೆಯವರು ಒಂದು ಹಾಳೆ ಅಂಟಿಸುತ್ತಿದ್ದರು. ಆ ಕಾರಿನಲ್ಲಿ ಏನೇನಿತ್ತು ಎಂಬುದಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ. ಅದಿಲ್ಲವಾದರೆ ಎಂಜಿನ್ ಬ್ಲಾಕಿನ ಮುಂದೆ, ಬಲಗಡೆಯ ಸಿಲಿಂಡರ್ ಹೆಡ್‌ಗೆ ತಾಗಿದ ಚಿಕ್ಕ ಸಮತಟ್ಟು ಜಾಗ ನೋಡಿ. ಅಲ್ಲಿ ಎರಡು ಒತ್ತು, ಅಂದರೆ ಲೋಹಕ್ಕೆ ಒತ್ತಿದ ಅಚ್ಚು, ಇರಬೇಕು. ಮೊದಲನೆಯದು ಕಾರ್ಖಾನೆಯ ಅಕ್ಷರ, ತಿಂಗಳು, ದಿನಾಂಕ ಮತ್ತು ಎಂಜಿನ್ ಸಂಕೇತ. 1967ರ ಎಲ್88ಕ್ಕೆ ಸಂಕೇತ ಐಟಿ. ಎರಡನೆಯದು ಚಾಸಿ ನಂಬರಿನ ಕೊನೆಯ ಆರು ಅಂಕಿಗಳು. ಬ್ಲಾಕ್ ಎರಕ ಹೊಯ್ದ ದಿನಾಂಕ ಬೇರೆ ಕಡೆ ಇರುತ್ತದೆ: ತಿಂಗಳಿಗೆ ಎ ಇಂದ ಎಲ್ ವರೆಗೆ ಒಂದು ಅಕ್ಷರ, ಆಮೇಲೆ ದಿನ, ಆಮೇಲೆ ವರ್ಷದ ಕೊನೆಯ ಅಂಕಿ. ಎರಕ ಮೊದಲು, ಜೋಡಣೆ ಆಮೇಲೆ, ಕಾರು ಕೊನೆಗೆ. ಈ ಕ್ರಮ ತಪ್ಪಿದರೆ ಎಂಜಿನ್ ಬೇರೆ ಕಾರಿನದು.

ಒತ್ತಿದ ಅಂಕಿಗಳಿಗಿಂತ ಅವುಗಳ ಹಿಂದಿನ ಲೋಹ ಹೆಚ್ಚು ನಿಜ ಹೇಳುತ್ತದೆ. ಕಾರ್ಖಾನೆಯಲ್ಲಿ ಬ್ಲಾಕಿನ ಮೇಲ್ಮೈ ಸವರಿದಾಗ ಮುಂದಿನಿಂದ ಹಿಂದಕ್ಕೆ ಸಣ್ಣ ಸಮಾನಾಂತರ ಗೀರುಗಳು ಬೀಳುತ್ತವೆ. ಬ್ಲಾಕನ್ನು ಮತ್ತೆ ಮೆಷಿನ್‌ಗೆ ಹಾಕಿದವರು ಆ ಗೀರುಗಳನ್ನೂ ಹಳೆಯ ಅಂಕಿಗಳನ್ನೂ ಒಟ್ಟಿಗೆ ಅಳಿಸಿರುತ್ತಾರೆ. ಅಂಕಿ ಇದೆ, ಗೀರು ಇಲ್ಲ ಎಂದರೆ ಅಂಕಿ ಆಮೇಲೆ ಒತ್ತಿದ್ದು. ಮಾರುವವರು ಈ ಜಾಗದ ಹತ್ತಿರದ ಫೋಟೊ ಕಳಿಸಲು ಮೀನಮೇಷ ಎಣಿಸಿದರೆ ಕಾರಣ ಊಹಿಸಿಕೊಳ್ಳಿ.

ಯಾವುದನ್ನು ತರಿಸಬಹುದು

ಮೊದಲು 1950ಕ್ಕಿಂತ ಹಿಂದಿನ ಕಾರುಗಳಿಗೆ ಮಾತ್ರ ಆಮದಿನ ಬಾಗಿಲು ತೆರೆದಿತ್ತು. 2025ರಲ್ಲಿ ಅದನ್ನು ಸಡಿಲಿಸಿ 50 ವರ್ಷ ತುಂಬಿದ ಕಾರುಗಳಿಗೆ ಅವಕಾಶ ಕೊಟ್ಟರು. ವರ್ಷ ಉರುಳಿದ ಹಾಗೆ ಗಡಿಯೂ ಮುಂದಕ್ಕೆ ಸರಿಯುತ್ತದೆ: ಇಂಡಿಯಾನಾಪೊಲಿಸ್ ರೇಸಿನ ನೆನಪಿಗೆ 6,502 ತಯಾರಾದ 1978ರ ಇಂಡಿ ಪೇಸ್ ಕಾರ್ವೆಟ್ ಬೇಕೆಂದರೆ 2028ರವರೆಗೆ ಕಾಯಬೇಕು. ಸುಂಕ, ತೆರಿಗೆ ಎಲ್ಲ ಸೇರಿ ಕಾರಿನ ಬೆಲೆಗಿಂತ ಹೆಚ್ಚೇ ಆಗುತ್ತದೆ. ಮೂಗಿಗಿಂತ ಮೂಗುತಿ ಭಾರ ಎನಿಸಬಹುದು, ಆದರೆ ಲೆಕ್ಕ ಅಲ್ಲಿಂದಲೇ ಶುರು ಮಾಡಿ.

ನೋಂದಣಿಗೆ 2021ರ ಕೇಂದ್ರ ನಿಯಮಗಳಿವೆ. ಫಾರ್ಮ್ 20ರಲ್ಲಿ ಅರ್ಜಿ, ಜೊತೆಗೆ ವಿಮೆ. ತರಿಸಿದ ಕಾರಿಗೆ ಕಸ್ಟಮ್ಸ್‌ನ ಆಮದು ದಾಖಲೆಯಾದ ಬಿಲ್ ಆಫ್ ಎಂಟ್ರಿ, ಇಲ್ಲಿಯದೇ ಆದರೆ ಹಳೆಯ ಆರ್‌ಸಿ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ಮಾನ್ಯತೆ, ಮರುನೋಂದಣಿಗೆ 5,000. ನಂಬರ್ ಪ್ಲೇಟಿನಲ್ಲಿ ಎಂಎಚ್ ಆದ ಮೇಲೆ ವಿಎ ಎಂಬ ಅಕ್ಷರಗಳು ಬರುತ್ತವೆ. ಈ ನಂಬರಿನ ಕಾರನ್ನು ರ್‍ಯಾಲಿ, ಪ್ರದರ್ಶನ, ಪೆಟ್ರೋಲ್ ಹಾಕಿಸುವುದು, ರಿಪೇರಿ ಇಂಥದ್ದಕ್ಕೆ ಮಾತ್ರ ಹೊರತೆಗೆಯಬಹುದು. ದಿನಾ ಆಫೀಸಿಗೆ ಓಡಿಸುವಂತಿಲ್ಲ.

ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಮಾಡಿದ ಕಾರಿಗೆ ಈ ನೋಂದಣಿ ಸಿಗುವುದಿಲ್ಲ. ಎಡಗಡೆಯ ಸ್ಟಿಯರಿಂಗನ್ನು ಬಲಕ್ಕೆ ತಿರುಗಿಸಿಕೊಡುತ್ತೇವೆ ಎನ್ನುವ ಗ್ಯಾರೇಜಿನವರಿಗೆ ದೂರದಿಂದಲೇ ಕೈಮುಗಿಯಿರಿ: ನೋಂದಣಿಗೂ ತೊಡಕು, ಕಾರಿನ ಬೆಲೆಯೂ ಮಣ್ಣುಪಾಲು. ಎಡ ಸ್ಟಿಯರಿಂಗ್ ಕಾರು ರಸ್ತೆಗಿಳಿಯಬೇಕಾದರೆ ಕೆಲಸ ಮಾಡುವ ಇಂಡಿಕೇಟರ್ ಇರಬೇಕೆಂದು ಮೋಟಾರು ವಾಹನ ಕಾಯ್ದೆಯ 120ನೇ ಕಲಮು ಹೇಳುತ್ತದೆ. ಆಮದಿನ ಹಂತದಲ್ಲಿ ಅದಕ್ಕೆ ಏನು ಷರತ್ತು ಎಂಬುದನ್ನು ಹಡಗಿಗೆ ಏರಿಸುವ ಮೊದಲೇ ಕಸ್ಟಮ್ಸ್ ಏಜೆಂಟರಿಂದ ಬರವಣಿಗೆಯಲ್ಲಿ ಪಡೆಯಿರಿ. ನ್ಹಾವಾ ಶೇವಾ ಬಂದರಿನಲ್ಲಿ ಕಂಟೇನರ್ ನಿಂತ ಮೇಲೆ ಪ್ರತಿ ದಿನಕ್ಕೂ ಬಾಡಿಗೆ ಏರುತ್ತದೆ. ಚಕ್ರಕ್ಕೆ ಕೊಡುವ ಮರದ ದಿಮ್ಮಿಗಳ ಮೇಲೆ ಐಎಸ್‌ಪಿಎಂ 15 ಮುದ್ರೆ (ಮರಕ್ಕೆ ಕೀಟನಾಶಕ ಉಪಚಾರ ಆಗಿದೆ ಎಂಬ ಗುರುತು) ಇರಲಿ. ಅದಿಲ್ಲದ ಮರ ಎಂದರೆ ಬಂದರಿನಲ್ಲಿ ಇನ್ನೊಂದು ತಲೆನೋವು.

ತುಕ್ಕು ಎಲ್ಲಿ ಅಡಗಿರುತ್ತದೆ

ಕಾರ್ವೆಟ್‌ನ ಮೈ ಫೈಬರ್‌ಗ್ಲಾಸ್, ತುಕ್ಕಿನ ಭಯವಿಲ್ಲ ಎಂದು ನಂಬಿದವರು ಹಲವರು. ಮೈ ಒಳಗೆ, ಮುಂದಿನ ಗಾಜು ಮತ್ತು ಬಾಗಿಲುಗಳ ಸುತ್ತ ಉಕ್ಕಿನ ಪಂಜರವಿದೆ. ಅದು ಕರಗುವುದು ಗಾಜಿನ ಕೆಳಮೂಲೆಗಳಿಂದ. ಕಾಲಿಡುವ ಜಾಗದ ಪಕ್ಕದ ಹಲಗೆ ತೆಗೆದು ಟಾರ್ಚ್ ಹಾಕಿ ನೋಡಿ. ಹಿಂದಿನ ಚಕ್ರದ ಮುಂದೆ ಚಾಸಿ ಮೇಲಕ್ಕೆ ಬಾಗುವ ಕಡೆ ಸಣ್ಣ ಸುತ್ತಿಗೆಯಿಂದ ತಟ್ಟಿ: ಗಟ್ಟಿ ಲೋಹ ಟಣ್ ಎನ್ನುತ್ತದೆ, ಕೊಳೆತದ್ದು ಮಂಕಾಗಿ ಸದ್ದು ಮಾಡುತ್ತದೆ. ಫೈಬರ್‌ನ ಒಳಮೈಯನ್ನೂ ಕೈಯಿಂದ ಸವರಿ. ಅಚ್ಚಿನಲ್ಲಿ ಒತ್ತಿ ಮಾಡಿದ ಮೂಲ ಭಾಗ ಎರಡೂ ಕಡೆ ನುಣುಪು; ಎಳೆಗಳು ಕೈಗೆ ತಾಗಿದರೆ ಅಲ್ಲಿ ಒಮ್ಮೆ ಗುದ್ದು ಬಿದ್ದಿದೆ.

ಮಸ್ಟಾಂಗ್‌ನಲ್ಲಿ ಗಾಜಿನ ಮುಂದಿನ ಗಾಳಿ ಜಾಲರಿಗೆ ಎರಡು ಲೋಟ ನೀರು ಹೊಯ್ಯಿರಿ. ಕಾಲಡಿಯ ಮ್ಯಾಟ್ ಒದ್ದೆಯಾದರೆ ಒಳಗಿನ ತಗಡು ತೂತಾಗಿದೆ, ಅದಕ್ಕೆ ಡ್ಯಾಶ್‌ಬೋರ್ಡ್ ಇಡೀ ಬಿಚ್ಚಬೇಕು. ಪುಟ್ಟಿ ಮೆತ್ತಿದ್ದು ಗೊತ್ತಾಗಲು ಬಟ್ಟೆ ಸುತ್ತಿದ ಅಯಸ್ಕಾಂತ ಸಾಕು.

ಪೆಟ್ರೋಲ್, ಎಣ್ಣೆ, ಬ್ರೇಕು

ಆಕ್ಟೇನ್ ಎಂದರೆ ಎಂಜಿನ್ನಿನಲ್ಲಿ ಪೆಟ್ರೋಲ್ ಹೊತ್ತಿಗೆ ಮುಂಚೆ ಸಿಡಿಯದಂತೆ ತಡೆಯುವ ಗುಣದ ಅಂಕಿ. ಅಮೆರಿಕದ ಇವತ್ತಿನ ಬಂಕಿನ 93 ಆಕ್ಟೇನ್ ನಮ್ಮಲ್ಲಿನ ಸುಮಾರು 98ಕ್ಕೆ ಸಮ, ಅಳೆಯುವ ವಿಧಾನ ಬೇರೆ. 91ರ ಪೆಟ್ರೋಲಿನಲ್ಲಿ 11:1 ಒತ್ತಡದ (ಕಂಪ್ರೆಷನ್) ಎಂಜಿನ್ ಏರು ಹತ್ತುವಾಗ ಟಕಟಕ ಎನ್ನುತ್ತದೆ. ಹಾಗೇ ಓಡಿಸಿದರೆ ಪಿಸ್ಟನ್ ಒಡೆಯುತ್ತದೆ. 95ಕ್ಕಿಂತ ಮೇಲಿನದ್ದೇ ಹಾಕಿ. 12.5:1ರ ಎಲ್88ಕ್ಕೆ ಕಾರ್ಖಾನೆ ಹೇಳಿದ್ದು ಕನಿಷ್ಠ 103 ಆಕ್ಟೇನ್; ನಮ್ಮಲ್ಲಿ ಅದಕ್ಕೆ ಹತ್ತಿರದ್ದು 100 ಆಕ್ಟೇನ್‌ನ ಎಕ್ಸ್‌ಪಿ100, ಅದು ಮುಂಬೈ, ಪುಣೆಗಳಲ್ಲಿ ಆಯ್ದ ಬಂಕುಗಳಲ್ಲಿ ಸಿಗುತ್ತದೆ.

ಶೇ. 20 ಎಥೆನಾಲ್ ಬೆರೆತ ಪೆಟ್ರೋಲ್ ಹಳೆಯ ರಬ್ಬರನ್ನು ಮೆತ್ತಗೆ ಮಾಡುತ್ತದೆ. ಕಾರು ಬಂದ ವಾರವೇ ಎಲ್ಲ ಪೆಟ್ರೋಲ್ ಪೈಪುಗಳನ್ನು ಎಥೆನಾಲ್ ತಾಳುವ 30ಆರ್9 ಗುರುತಿನವಕ್ಕೆ ಬದಲಿಸಿ, ಕಾರ್ಬ್ಯುರೇಟರ್‌ನ ಸೂಜಿ ವೈಟಾನ್ ಎಂಬ ಗಟ್ಟಿ ರಬ್ಬರಿನ ತುದಿಯದ್ದಿರಲಿ, ಪಂಪಿನ ಡಯಾಫ್ರಂ ಎಥೆನಾಲ್ ತಡೆಯುವಂಥದ್ದಿರಲಿ. ಈ ಪೆಟ್ರೋಲಿನಲ್ಲಿ ಮಿಶ್ರಣ ತೆಳುವಾಗುತ್ತದೆ. ಹಾಲಿ (Holley) ಕಂಪನಿಯ ಕಾರ್ಬ್ಯುರೇಟರ್ ಆದರೆ ಎರಡು ನಂಬರ್ ದೊಡ್ಡ ಜೆಟ್‌ನಿಂದ (ಪೆಟ್ರೋಲ್ ಹಾಯುವ ತೂತಿನ ತಿರುಪು) ಶುರು ಮಾಡಿ, ಪ್ಲಗ್‌ನ ಬಣ್ಣ ನೋಡುತ್ತ ಹೊಂದಿಸಿ: ಬಿಳಿಚಿಕೊಂಡಿದ್ದರೆ ಇನ್ನೂ ತೆಳು, ಕಾಫಿ ಪುಡಿಯ ತಿಳಿ ಬಣ್ಣವಾದರೆ ಸರಿ. ತೆಗೆದ ಮೂಲ ಜೆಟ್, ಪಂಪ್, ಪೈಪು ಯಾವುದನ್ನೂ ಗುಜರಿಗೆ ಹಾಕಬೇಡಿ. ಪೊಟ್ಟಣ ಕಟ್ಟಿ, ದಿನಾಂಕ ಬರೆದು ಇಡಿ. ಮುಂದೆ ಕೊಳ್ಳುವವರು ಅದನ್ನೇ ಕೇಳುವುದು.

ಎಂಜಿನ್ ಎಣ್ಣೆಯಲ್ಲಿ ಎಲ್ಲರೂ ಎಡವುತ್ತಾರೆ. ಈ ಎಂಜಿನ್‌ಗಳಲ್ಲಿ ವಾಲ್ವ್ ತೆರೆಯುವ ಕ್ಯಾಮ್ ಮತ್ತು ಟ್ಯಾಪೆಟ್ ಒಂದಕ್ಕೊಂದು ಉಜ್ಜುತ್ತ ತಿರುಗುತ್ತವೆ. ನಡುವೆ ಸತು-ರಂಜಕದ ಪದರ ಬೇಕು, ಸುಮಾರು 1,200 ಪಿಪಿಎಂ (ಹತ್ತು ಲಕ್ಷದಲ್ಲಿ 1,200 ಭಾಗ). ಈಗಿನ ತೆಳು ಪೆಟ್ರೋಲ್ ಎಂಜಿನ್ ಎಣ್ಣೆಗಳಲ್ಲಿ ರಂಜಕ 800 ಮೀರುವಂತಿಲ್ಲ. ಷೋರೂಮಿನಲ್ಲಿ ಕೊಡುವ ದುಬಾರಿ ಸಿಂಥೆಟಿಕ್ ಹಾಕಿದರೆ ಕ್ಯಾಮ್ ಸವೆದು ಚಪ್ಪಟೆಯಾಗುತ್ತದೆ. ಲಾರಿಗೆ ಹಾಕುವ ಸಿಐ-4 ಪ್ಲಸ್ ದರ್ಜೆಯ 15ಡಬ್ಲ್ಯು-40 ಎಣ್ಣೆ ಇದಕ್ಕೆ ಒಳ್ಳೆಯದು, ಬೆಲೆಯೂ ಕಡಿಮೆ. ಹೊಸ ಕ್ಯಾಮ್ ಹಾಕಿಸಿದರೆ ಮೊದಲ ಸಲ ಸ್ಟಾರ್ಟ್ ಆದ ಕೂಡಲೇ 2,000ದಿಂದ 2,500 ಆರ್‌ಪಿಎಂನಲ್ಲಿ 20 ನಿಮಿಷ ಓಡಿಸಬೇಕು. ಐಡಲ್‌ನಲ್ಲಿ ಬಿಟ್ಟರೆ ಅವತ್ತೇ ಹಾಳು.

1965ರಿಂದ 1982ರ ಕಾರ್ವೆಟ್‌ಗಳ ಡಿಸ್ಕ್ ಬ್ರೇಕಿಗೆ ನಮ್ಮ ಕರಾವಳಿ ಹೇಳಿ ಮಾಡಿಸಿದ ಶತ್ರು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಡಿಸ್ಕ್ ಅದುಮುವ ಬೀಡು ಕಬ್ಬಿಣದ ಕ್ಯಾಲಿಪರ್ ಒಳಗೆ ಕುಳಿ ಬೀಳುತ್ತದೆ, ಸೀಲಿನ ಸಂದಿಯಿಂದ ಎಣ್ಣೆ ಜಿನುಗುತ್ತದೆ. ಸೀಲ್ ಬದಲಿಸಿದರೆ ಆರು ತಿಂಗಳಲ್ಲಿ ಮತ್ತೆ ಅದೇ ಕಥೆ. ಮೂಲ ಕ್ಯಾಲಿಪರ್‌ಗೇ ಸ್ಟೇನ್‌ಲೆಸ್ ಸ್ಟೀಲಿನ ಒಳಕೊಳವೆ (ಸ್ಲೀವ್) ಕೂರಿಸಿಕೊಳ್ಳಿ. ಹೊರಗಿನ ಎರಕದ ನಂಬರ್ ಹಾಗೇ ಉಳಿಯುತ್ತದೆ. ಪೆಡಲ್ ಮೆತ್ತಗಾಗಿ, ಸೋರಿಕೆಯೇ ಕಾಣದಿದ್ದರೆ ಡಿಸ್ಕ್‌ನ ಓಲಾಟ ಅಳೆಯಿರಿ. 0.13 ಮಿ.ಮೀ. ಮೀರಿದರೆ ಪಿಸ್ಟನ್ ಹಿಂದೆ ಮುಂದೆ ಅಲುಗಾಡಿ ಗಾಳಿ ಎಳೆದುಕೊಳ್ಳುತ್ತದೆ. ಬ್ರೇಕ್ ಆಯಿಲ್ ಪ್ರತಿ ವರ್ಷ ದೀಪಾವಳಿಗೆ ಬದಲಿಸಿ.

ನಟ್ಟು ಬೋಲ್ಟುಗಳೆಲ್ಲ ಇಂಚಿನ ಲೆಕ್ಕದವು. 13 ಎಂಎಂ ಪಾನಾ ಅರ್ಧ ಇಂಚಿನ ತಲೆಗೆ ಹತ್ತಿದಂತೆ ಅನಿಸಿ ಮೂಲೆ ಉರುಟು ಮಾಡಿಬಿಡುತ್ತದೆ. ಮಸ್ಜಿದ್ ಬಂದರ್‌ನ ನಾಗದೇವಿ ಬೀದಿಯಲ್ಲಿ 3/8ರಿಂದ 1 ಇಂಚಿನವರೆಗಿನ ಸೆಟ್ ಕೊಂಡು ಮೆಕ್ಯಾನಿಕ್ ಕೈಗೆ ನೀವೇ ಕೊಡಿ.

ಮಳೆಗಾಲದ ನಾಲ್ಕು ತಿಂಗಳು

ಉಡುಪಿ, ಮಂಗಳೂರಿನಿಂದ ಬಂದವರಿಗೆ ಆಟಿ ತಿಂಗಳಲ್ಲಿ ಪೆಟ್ಟಿಗೆಯೊಳಗಿನ ಸೀರೆಗೂ ಬೂಸ್ಟು ಹಿಡಿಯುವುದು ಗೊತ್ತು. ಮುಂಬೈ, ಗೋವಾ ಅದಕ್ಕಿಂತ ಬೇರೆಯಲ್ಲ. ಗೋವಾದಲ್ಲಿ ಉಪ್ಪು ಗಾಳಿ ಬೇರೆ. ಅನುಕೂಲ ಇದ್ದವರು ಕಾರನ್ನು ಪುಣೆಯಲ್ಲಿಡುವುದು ಲೇಸು, ಅಲ್ಲಿ ಮಳೆ ಮುಂಬೈಯ ಮೂರನೇ ಒಂದು ಭಾಗದಷ್ಟೇ. ಲೋಣಾವಳದ ಬಂಗಲೆ ಖಾಲಿ ಇದೆಯಲ್ಲ ಎಂದು ಅಲ್ಲಿಗೆ ಒಯ್ಯಬೇಡಿ, ಅಲ್ಲಿ ಮುಂಬೈಗಿಂತ ಹೆಚ್ಚು ಸುರಿಯುತ್ತದೆ. ಸೊಸೈಟಿಯ ಲಿಫ್ಟ್ ಪಾರ್ಕಿಂಗ್ ನೆಚ್ಚಿಕೊಂಡವರು ಅಳತೆ ಹಿಡಿದು ನೋಡಿ: 1967ರ ಕಾರ್ವೆಟ್ ಸುಮಾರು 4.45 ಮೀಟರ್, ಸುಲಭವಾಗಿ ಕೂರುತ್ತದೆ. ಪ್ಲಿಮತ್ ಸೂಪರ್‌ಬರ್ಡ್ ಐದೂವರೆ ಮೀಟರ್ ದಾಟುತ್ತದೆ.

ಮೇ ಕೊನೆಯ ವಾರದೊಳಗೆ ಕೆಲಸ ಮುಗಿಸಿ. ಎಂಜಿನ್ ಎಣ್ಣೆ ಹೊಸದು ಹಾಕಿ. ಹಳೆಯದರಲ್ಲಿರುವ ಆಮ್ಲ ಬೇರಿಂಗ್ ತಿನ್ನುತ್ತದೆ. ಟ್ಯಾಂಕ್ ಕಂಠದವರೆಗೆ ತುಂಬಿಸಿ, ಯಾಕೆಂದರೆ 1970ಕ್ಕೂ ಹಿಂದಿನ ಟ್ಯಾಂಕಿನ ಮುಚ್ಚಳ ಉಸಿರಾಡುತ್ತದೆ, ಖಾಲಿ ಜಾಗ ಇದ್ದಷ್ಟು ತೇವ ಒಳಗೆಳೆಯುತ್ತದೆ. ಆಮೇಲೆ ಪೆಟ್ರೋಲ್ ಪೈಪು ಮುಚ್ಚಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಕಾರ್ಬ್ಯುರೇಟರ್ ಬರಿದು ಮಾಡಿ. ನೆಲದ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ ಅದರ ಮೇಲೆ ಕಾರು ನಿಲ್ಲಿಸಿ, ಮೇಲೆ ಮಾತ್ರ ಪ್ಲಾಸ್ಟಿಕ್ ಬೇಡ, ಹತ್ತಿ ಬಟ್ಟೆ ಸಾಕು. ಮುಚ್ಚಿದ ಗ್ಯಾರೇಜಿನಲ್ಲಿ ಗಾಳಿಯ ತೇವ ಹೀರುವ ಡಿಹ್ಯೂಮಿಡಿಫೈಯರ್ ಇಟ್ಟು, ನೀರು ಪೈಪಿನಲ್ಲಿ ಹೊರಗೆ ಹೋಗುವಂತೆ ಮಾಡಿ, ತೇವಾಂಶವನ್ನು ಶೇ. 50ರಿಂದ 55ಕ್ಕೆ ನಿಲ್ಲಿಸಿ. 40ಕ್ಕಿಂತ ಕೆಳಗಿಳಿದರೆ ಚರ್ಮ ಬಿರಿಯುತ್ತದೆ. ಸೈಲೆನ್ಸರ್ ಮತ್ತು ಏರ್ ಕ್ಲೀನರ್ ಬಾಯಿಗೆ ಸ್ಟೀಲ್ ಉಲ್ಲನ್ ತುರುಕಿ, ಇಲ್ಲದಿದ್ದರೆ ಇಲಿ ಸಂಸಾರ ಹೂಡುತ್ತದೆ. ತುರುಕಿದ್ದನ್ನು ಚೀಟಿಯಲ್ಲಿ ಬರೆದು ಸ್ಟಿಯರಿಂಗಿಗೆ ಕಟ್ಟಿ.

ಎಂಜಿನ್ ಬ್ಲಾಕಿನ ಒತ್ತಿನ ಜಾಗಕ್ಕೆ ತೆಳುವಾಗಿ ಗ್ರೀಸ್ ಸವರಿ, ತಂತಿ ಬ್ರಷ್ ಮುಟ್ಟಿಸಲೇಬೇಡಿ. ಟ್ಯಾಂಕಿನ ಹಾಳೆ ಇನ್ನೂ ಟ್ಯಾಂಕಿನ ಮೇಲೇ ಇದ್ದರೆ ಮೊದಲು ಇದ್ದಲ್ಲೇ ಫೋಟೊ ತೆಗೆಯಿರಿ. ಆಮೇಲೆ ಟ್ಯಾಂಕ್ ಇಳಿಸಿ, ಹಾಳೆ ಬಿಡಿಸುವ ಕೆಲಸವನ್ನು ಹಳೆಯ ಕಾಗದ ಸಂರಕ್ಷಿಸುವವರಿಗೇ ಒಪ್ಪಿಸಿ, ಗ್ಯಾರೇಜಿನ ಹುಡುಗರಿಗಲ್ಲ. ಬಿಡಿಸಿದ ಹಾಳೆ ಆಮ್ಲವಿಲ್ಲದ ಕಾಗದದ ನಡುವೆ ಮನೆಯ ಬೀರುವಿನಲ್ಲಿರಲಿ.

ನಡುವೆ ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುವ ಅಭ್ಯಾಸ ಬಿಡಿ. ಎಣ್ಣೆ 80 ಡಿಗ್ರಿ ಮುಟ್ಟದೆ ನಿಂತರೆ ಒಳಗೆ ನೀರು ಕಟ್ಟುತ್ತದೆ. ಅಕ್ಟೋಬರಿನಲ್ಲಿ ಹೊರತೆಗೆಯುವಾಗ ಮೊದಲು ಉಲ್ಲನ್ ತೆಗೆಯಿರಿ, ನಂತರ ಎಲ್ಲ ಪ್ಲಗ್ ಬಿಚ್ಚಿ ಎಣ್ಣೆಯ ಒತ್ತಡದ ಮುಳ್ಳು ಏಳುವವರೆಗೆ ಸ್ಟಾರ್ಟರ್ ತಿರುಗಿಸಿ, ಪ್ಲಗ್ ಹಾಕಿ ಸ್ಟಾರ್ಟ್ ಮಾಡಿ. ಗೇಟು ದಾಟುವ ಮೊದಲು ಅಂಗಳದಲ್ಲೇ ನಾಲ್ಕು ಸಲ ಬ್ರೇಕ್ ಒತ್ತಿ ನೋಡಿ.