ಕಾದಂಬರಿಗೂ ಒಂದು ಲೆಕ್ಕದ ಪುಸ್ತಕ ಇಡಿ

ದಾವಣಗೆರೆ ಎಪಿಎಂಸಿಯ ದಲಾಲಿ ಅಂಗಡಿಯಲ್ಲಿ ನಾನು ಲೆಕ್ಕ ಬರೆಯುವವನು. ಮೆಕ್ಕೆಜೋಳದ ಸೀಜನ್ ಮುಗಿದ ಮೇಲೆ ದಪ್ಪ ಕಾದಂಬರಿ ಹಿಡಿಯುತ್ತೇನೆ. ತತ್ವ ಜಾಸ್ತಿ ಇರುವ ಪುಸ್ತಕ ತಲೆಗೆ ಹತ್ತಲ್ಲ ಅನ್ನುವ ಹುಡುಗರಿಗೆ ನಾನು ಹೇಳಿಕೊಡುವ ದಾರಿ ಇದು.

ಒಂದು ನೋಟ್‌ಬುಕ್ ತಗೊಳ್ಳಿ. ಪುಟದ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಪಾತ್ರ ಕೊಟ್ಟ ಕಾರಣ, ಬಲಕ್ಕೆ ಆಮೇಲೆ ಮಾಡಿದ ಕೆಲಸ. ಪುಟದ ನಂಬರ್ ಹಾಕೋದು ಮರೀಬೇಡಿ.

ರಷ್ಯಾದ ಲೇಖಕ ದೊಸ್ತೊಯೆವ್‌ಸ್ಕಿಯ ಕಾದಂಬರಿ ‘ಅಪರಾಧ ಮತ್ತು ಶಿಕ್ಷೆ’ (1866) ಇದಕ್ಕೆ ಹೇಳಿ ಮಾಡಿಸಿದ ಪುಸ್ತಕ. ಓದು ಬಿಟ್ಟ ಬಡ ಹುಡುಗ ರಾಸ್ಕೋಲ್ನಿಕೊವ್, ಗಿರವಿ ಇಟ್ಟುಕೊಂಡು ಬಡ್ಡಿ ಹಿಂಡುವ ಮುದುಕಿಯನ್ನು ಕೊಲ್ಲುತ್ತಾನೆ. ಒಂದು ಸಾವು, ಬದಲಿಗೆ ಅವಳ ದುಡ್ಡಿನಿಂದ ನೂರು ಜೀವ ಅನ್ನುವ ವಾದ ಅವನ ಕಿವಿಗೆ ಬಿದ್ದಿರುತ್ತದೆ. ಎಡಗಡೆ ಬರೆದುಕೊಳ್ಳಿ. ಕೂಡಿ ಕಳೆದರೆ ಸರಿಯೇ ಅನಿಸುತ್ತದೆ, ಅಲ್ವಾ? ಈಗ ಬಲಗಡೆ. ಕದ್ದ ಪರ್ಸನ್ನು ಬಿಚ್ಚಿಯೂ ನೋಡದೆ ಕಲ್ಲಿನಡಿ ಬಚ್ಚಿಡುತ್ತಾನೆ. ಅದರಲ್ಲಿ 317 ರೂಬಲ್ ಮತ್ತು ಚಿಲ್ಲರೆ ಇತ್ತು ಅಂತ ನಮಗೆ ತಿಳಿಯುವುದು ಕೊನೆಗೆ. ನೂರು ಜೀವ ಉಳಿಸಲು ಹೊರಟವನು ದುಡ್ಡು ಎಣಿಸಲೇ ಇಲ್ಲ! ಹಾಗಾದರೆ ಕಾರಣ ಬೇರೇನೋ ಇದೆ. ಅಲ್ಲೊಂದು ಪ್ರಶ್ನೆ ಗುರುತು ಹಾಕಿ ಮುಂದೆ ಓದಿ.

ಭಾವನೆಯನ್ನು ಗೆರೆಯ ಮೇಲೇ ಬರೆಯಿರಿ. ಕೊಲೆಗೆ ಮುಂಚೆ ಅವನಿಗೊಂದು ಕನಸು. ಕುಡುಕರು ಬಡಕಲು ಕುದುರೆಯನ್ನು ಬಡಿದು ಸಾಯಿಸುತ್ತಾರೆ. ಚಿಕ್ಕ ಹುಡುಗನಾದ ಇವನು ಓಡಿ ಹೋಗಿ ಅದರ ರಕ್ತದ ಮುಖ ತಬ್ಬಿ ಮುತ್ತಿಡುತ್ತಾನೆ. ಎಚ್ಚರವಾದಾಗ ಕೊಲೆಯೇ ಬೇಡ ಅನಿಸಿಬಿಡುತ್ತದೆ. ವಾದ ಸೋತದ್ದು ಇನ್ನೊಂದು ವಾದಕ್ಕಲ್ಲ ಅನ್ನುವುದನ್ನು ಗಮನಿಸಿ. ಆದರೆ ಆ ಕರುಣೆ ಒಂದು ದಿನವೂ ತಡೆಯಲಿಲ್ಲ, ಅದನ್ನೂ ಬರೆದುಕೊಳ್ಳಿ.

ಅನಂತಮೂರ್ತಿಯವರ ‘ಸಂಸ್ಕಾರ’ಕ್ಕೆ (1965) ಇದೇ ಪುಟ ಹಾಕಿ. ಬ್ರಾಹ್ಮಣರ ಅಗ್ರಹಾರದಲ್ಲಿ ಆಚಾರ ಬಿಟ್ಟು ಬಾಳಿದ ನಾರಣಪ್ಪನ ಹೆಣ ಬಿದ್ದಿದೆ, ಸಂಸ್ಕಾರ ಯಾರು ಮಾಡಬೇಕು ಅನ್ನೋದೇ ತೀರ್ಮಾನವಾಗಿಲ್ಲ. ಅಲ್ಲಿನ ಪಂಡಿತ ಪ್ರಾಣೇಶಾಚಾರ್ಯರು ಉತ್ತರಕ್ಕಾಗಿ ಗ್ರಂಥ ತಿರುವುತ್ತಾರೆ, ಮಾರುತಿ ಗುಡಿಗೆ ಹೋಗಿ ಕಾಯುತ್ತಾರೆ. ಎಡಗಡೆ ತುಂಬಿ ತುಳುಕುತ್ತದೆ. ನಾರಣಪ್ಪನ ಜೊತೆ ಬಾಳಿದ ಚಂದ್ರಿಯ ಎಡಗಡೆ ಹೆಚ್ಚುಕಮ್ಮಿ ಖಾಲಿ. ಸಂಸ್ಕಾರದ ಖರ್ಚಿಗೆ ಅಂತ ಮೈಮೇಲಿನ ಬಂಗಾರ ಬಿಚ್ಚಿಟ್ಟಳು, ಅಹ್ಮದ್ ಬ್ಯಾರಿಯ ನೆರವಿನಿಂದ ರಾತ್ರೋರಾತ್ರಿ ಹೆಣ ಸುಡಿಸಿದಳು. ಹಾಗಂತ ಆಚಾರ್ಯರನ್ನು ಸುಮ್ನೆ ತೆಗಳಬೇಡಿ. ಕಾರಣ ಸಿಗದೆ ಒದ್ದಾಡಿದವರು ಬೇರೆ, ಬಂಗಾರ ಕಂಡ ಮೇಲೆ ಕಾರಣ ಹುಡುಕಿದ ಅಗ್ರಹಾರದವರು ಬೇರೆ. ನನ್ನ ಪ್ರಕಾರ ಇಡೀ ಕಾದಂಬರಿಯ ಜೀವ ಈ ವ್ಯತ್ಯಾಸದಲ್ಲಿದೆ.

ನಾಲ್ಕು ಜನ ಕೂತು ಮಾತಾಡುವಾಗ ‘ಇವನು ಒಳ್ಳೆಯವನೋ ಕೆಟ್ಟವನೋ’ ಅಂತ ಕೇಳಬೇಡಿ. ‘ಇವರಲ್ಲಿ ಯಾರಿಗೆ ಕೈಗಡ ಕೊಡ್ತೀರಿ’ ಅಂತ ಕೇಳಿ. ನಮ್ಮ ಅಂಗಡಿಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಖಾಲಿಯಾದರೂ ಜಗಳ ಮುಗಿಯಲಿಲ್ಲ. “ಚಂದ್ರಿಗೆ ಕೊಡ್ತೀನಿ ಅಣ್ಣ. ಆಚಾರ್ಯರು ವಾಪಸ್ ಕೊಡಬೇಕೋ ಬೇಡವೋ ಅಂತ ಗ್ರಂಥ ನೋಡ್ತಾ ಕೂರ್ತಾರೆ” ಅಂದ ಒಬ್ಬ. ಇನ್ನೊಬ್ಬ ರಾಸ್ಕೋಲ್ನಿಕೊವ್‌ಗೇ ಕೊಡ್ತೀನಿ ಅಂದ. ತಾಯಿ ಕಳಿಸಿದ ದುಡ್ಡನ್ನು ಹೊಸ ಪರಿಚಯದವನ ಮಣ್ಣಿಗೆ ಕೊಟ್ಟವನಲ್ವಾ ಅವನು, ಅಂತ ಅವನ ವಾದ. ಆಗಲೇ ಪುಟದ ನಂಬರ್ ಕೇಳಬೇಕು. ಪುಸ್ತಕ ತೆಗೆಸಿ, ಆ ಭಾಗ ಗಟ್ಟಿಯಾಗಿ ಓದಿಸಿ, ಆಮೇಲೆ ಜಗಳ ಮುಂದುವರಿಸಿ.